ಕೆಲಸ ಗೊತ್ತು, ಮನಸ್ಸೂ ಇದೆ, ಕೈ ಹಾಕಲು ಮಾತ್ರ ಆಗುತ್ತಿಲ್ಲ: ಎಡಿಎಚ್‌ಡಿ ಇರುವವರು ದೊಡ್ಡ ಕೆಲಸವನ್ನು ಹೇಗೆ ಶುರು ಮಾಡುತ್ತೀರಿ?

ಮೂಡಿಗೆರೆ ಕಡೆಯವನು
ಮಾರ್ಚ್ 24

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. ಮೂಡಿಗೆರೆ ತಾಲ್ಲೂಕಿನಲ್ಲಿ ಆರು ಎಕರೆ ಕಾಫಿ ತೋಟವಿದೆ, ಜೊತೆಗೆ ಊರಿನ ಸಹಕಾರ ಸಂಘವೊಂದರ ಲೆಕ್ಕ ಬರೆಯುತ್ತೇನೆ. ಕಳೆದ ದೀಪಾವಳಿಯ ಹೊತ್ತಿಗೆ ಮನೋವೈದ್ಯರೊಬ್ಬರು ಎರಡು ಸಲ ವಿವರವಾಗಿ ಮಾತನಾಡಿಸಿ, ನನ್ನ ತಾಯಿಯನ್ನೂ ಕರೆಸಿ ಶಾಲೆಯ ದಿನಗಳ ಬಗ್ಗೆ ಕೇಳಿ ತಿಳಿದುಕೊಂಡು, ನನಗಿರುವುದು ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ), ಅದರಲ್ಲಿಯೂ ಚಡಪಡಿಕೆಗಿಂತ ಗಮನದ ಕೊರತೆಯೇ ಎದ್ದು ಕಾಣುವ ಬಗೆ ಎಂದು ಹೇಳಿದರು. ಹೆಸರು ಸಿಕ್ಕಿದ್ದರಿಂದ ಮನಸ್ಸು ಹಗುರವಾಯಿತು. ಆದರೆ ಹೆಸರು ಸಿಕ್ಕ ಮಾತ್ರಕ್ಕೆ ಕೆಲಸ ಸಾಗಲಿಲ್ಲ.

ತೋಟದ ಕೆಳಗಿನ ಒಂದು ಎಕರೆಯಲ್ಲಿ ತಾತನ ಕಾಲದ ರೊಬಸ್ಟಾ ಜಾತಿಯ ಕಾಫಿ ಗಿಡಗಳಿದ್ದವು. ಅವನ್ನು ತೆಗೆದು ಮರುನಾಟಿ ಮಾಡಬೇಕೆಂದು ಮೂರು ವರ್ಷಗಳಿಂದ ಅಂದುಕೊಳ್ಳುತ್ತಿದ್ದೇನೆ. ಎರಡು ವರ್ಷದ ಹಿಂದೆ ಸೌದೆ ವ್ಯಾಪಾರಿಯೊಬ್ಬರು ತಾವಾಗಿಯೇ ಬಂದು ಹಳೆಯ ಗಿಡಗಳನ್ನು ಕೀಳಿಸಿಕೊಂಡು ಹೋದರು. ಆ ಕೆಲಸ ಆದದ್ದು ಅವರು ಬಂದರೆಂದೇ ಹೊರತು ನನ್ನಿಂದಲ್ಲ. ಅದೇ ಜೂನ್‌ನಲ್ಲಿ ನರ್ಸರಿಯಿಂದ 450 ಸಸಿಗಳನ್ನು ತಂದು ಮನೆಯ ಹಿಂದಿನ ತೊಟ್ಟಿಯ ಪಕ್ಕ ಇಡಿಸಿದೆ. ಗುಂಡಿ ತೋಡಿಸಿರಲಿಲ್ಲ. ಈ ವಾರ, ಮುಂದಿನ ವಾರ ಎನ್ನುತ್ತಿದ್ದಂತೆಯೇ ಮಳೆಗಾಲ ಕಳೆಯಿತು, ಮರುವರ್ಷದ ಮಳೆಗಾಲವೂ ಹಾಗೆಯೇ ಹೋಯಿತು. ಕಳೆದ ತಿಂಗಳು ಒಂದು ಸಸಿಯನ್ನು ಎತ್ತಲು ಹೋದರೆ ಅದಿದ್ದ ಪ್ಲಾಸ್ಟಿಕ್ ಕೊಟ್ಟೆ ಮೇಲೇಳಲೇ ಇಲ್ಲ. ಬುಡದ ತೂತಿನಿಂದ ತಾಯಿಬೇರು ಹೊರಬಂದು ಅಂಗಳದ ನೆಲಕ್ಕೆ ಇಳಿದುಬಿಟ್ಟಿತ್ತು. ಜಗ್ಗಿದಾಗ ಟಕ್ಕೆಂದು ಸದ್ದಾಯಿತು, ಕೈಯಲ್ಲಿ ಅರ್ಧ ಬೇರಿನ ಗಿಡ ಉಳಿಯಿತು. ನಾನು ನೆಡದೆ ಬಿಟ್ಟದ್ದಕ್ಕೆ ಅವು ತಾವಾಗಿಯೇ ನೆಟ್ಟುಕೊಂಡಿದ್ದವು.

ಹಾಗೆಂದು ನಾನು ಸುಮ್ಮನೆ ಕುಳಿತವನಲ್ಲ. ಮರುನಾಟಿಯ ಯೋಚನೆ ಬಂದ ದಿನ ಬೆಳಿಗ್ಗೆ ಪುಸ್ತಕ ತೆರೆದು ‘ಯೋಜನೆ’ ಎಂದು ತಲೆಬರಹ ಬರೆಯುತ್ತೇನೆ. ಸಿ ಇಂಟು ಆರ್ ತಳಿ ಒಳ್ಳೆಯದೋ, ಹಳೆಯ ತಳಿಯೇ ಸಾಕೋ ಎಂದು ಹುಡುಕಲು ಹೊರಡುತ್ತೇನೆ. ಅಲ್ಲಿಂದ ಹನಿ ನೀರಾವರಿ, ಅಲ್ಲಿಂದ ನೆರಳಿನ ಮರ, ಅಲ್ಲಿಂದ ಮೆಣಸಿನ ಬಳ್ಳಿ. ಕತ್ತಲಾಗುವ ಹೊತ್ತಿಗೆ ತಲೆ ತುಂಬಿರುತ್ತದೆ, ಪುಟ ಖಾಲಿ ಇರುತ್ತದೆ. ಆದರೆ ಪಕ್ಕದ ತೋಟದವರು ಪಂಪು ಕೆಟ್ಟಿತೆಂದು ಕರೆದರೆ ಚಪ್ಪಲಿ ಹಾಕಿಕೊಳ್ಳುವುದಕ್ಕೂ ಮರೆತು ಓಡುತ್ತೇನೆ. “ಬೇರೆಯವರ ಕೆಲಸಕ್ಕೆ ನಿಮಗೆ ಕೈಕಾಲು ಎಲ್ಲಿಂದ ಬರುತ್ತವೆ?” ಎಂದು ಹೆಂಡತಿ ಕೇಳುತ್ತಾಳೆ, ನನ್ನಲ್ಲಿ ಉತ್ತರವಿಲ್ಲ. ಮಾವನವರು ನನ್ನನ್ನು ಆರಂಭಶೂರ ಎನ್ನುತ್ತಾರೆ. ಆ ಬಿರುದಿಗಾದರೂ ಆರಂಭವೊಂದು ಆಗಬೇಕಲ್ಲ!

ಈಗ ಕಾಫಿ ಹೂವರಳಿಸುವ ಹೂಮಳೆ ಬಿದ್ದಿದೆ. ಏಪ್ರಿಲ್-ಮೇ ತಿಂಗಳಲ್ಲಿ ಗುಂಡಿ ಆಗದಿದ್ದರೆ ಮೂರನೆಯ ಮಳೆಗಾಲವೂ ಹೋದಂತೆಯೇ. ವೈದ್ಯರು ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ಬರೆದುಕೊಟ್ಟು ನಾಲ್ಕು ತಿಂಗಳಾಯಿತು. ನಮ್ಮೂರಿನ ಔಷಧ ಅಂಗಡಿಯಲ್ಲಿ ಇಲ್ಲವೆಂದರು, ಆ ಚೀಟಿ ಪರ್ಸಿನಲ್ಲಿಯೇ ಇದೆ. ಅಂದರೆ ಅದನ್ನೂ ಶುರು ಮಾಡಿಲ್ಲ. ಪಟ್ಟಿ ಮಾಡಿ, ಅಲಾರಂ ಇಡಿ ಎಂದು ದಯವಿಟ್ಟು ಹೇಳಬೇಡಿ, ನನ್ನಲ್ಲಿ ನಾಲ್ಕು ಡೈರಿಗಳಿವೆ. ಇಂಥ ಕೆಲಸಕ್ಕೆ ನೀವು ನಿಜವಾಗಿ ಕೈ ಹಾಕಿದ ದಿನ, ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಿದಿರಿ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.


ಹಾಸನದ ಮೇಡಂ
ಮಾರ್ಚ್ 24

ನಾನು ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರೌಢಶಾಲಾ ಶಿಕ್ಷಕಿ. ಮಗನಿಗೆ ಎಡಿಎಚ್‌ಡಿ ಇದೆಯೆಂದು ವೈದ್ಯರು ಹೇಳಿದ ದಿನ, ಅವರು ಓದುತ್ತಿದ್ದ ಲಕ್ಷಣಗಳೆಲ್ಲ ನನ್ನವೇ ಎಂದು ನನಗೆ ಅನಿಸಿತು. ಆರು ತಿಂಗಳ ನಂತರ, 41ನೇ ವಯಸ್ಸಿನಲ್ಲಿ, ನನಗೂ ಅದೇ ಎಂದು ಖಚಿತವಾಯಿತು. ಇದು ಮನೆತನದಲ್ಲಿ ಹರಿದು ಬರುವ ಸಂಗತಿಯಾದ್ದರಿಂದ ಹೀಗೆ ಮಕ್ಕಳ ಮೂಲಕ ತಮ್ಮನ್ನು ಕಂಡುಕೊಂಡ ತಂದೆತಾಯಿಗಳು ಬಹಳ ಮಂದಿ ಇದ್ದಾರೆ.

ನನ್ನದು ಗುಂಡಿಯ ಕೆಲಸವಲ್ಲ, ಕಲ್ಲಿನ ಕೆಲಸ. ನಮ್ಮ ಶಾಲೆಯ ಸುತ್ತಲಿನ ಹಳ್ಳಿಗಳಲ್ಲಿರುವ ವೀರಗಲ್ಲುಗಳನ್ನು ಮಕ್ಕಳೊಂದಿಗೆ ಗುರುತಿಸಿ, ಒಂದು ಸಣ್ಣ ಪುಸ್ತಕ ಮಾಡಬೇಕೆಂದು ಹೊರಟಿದ್ದೆ. ಊರೂರು ತಿರುಗುವುದು ಇಷ್ಟದ ಕೆಲಸ, ಆದ್ದರಿಂದ ಅದು ಆಯಿತು. ಫೋನಿನಲ್ಲಿ 140 ಫೋಟೋಗಳು ಸೇರಿದವು. ಬರೆಯುವ ಕೆಲಸ ಎರಡು ವರ್ಷ ಒಂದು ಸಾಲೂ ಮುಂದೆ ಹೋಗಲಿಲ್ಲ, ಏಕೆಂದರೆ ನಾನು ಪ್ರತಿ ಸಲವೂ ಮುನ್ನುಡಿಯಿಂದ ಶುರು ಮಾಡಲು ಹೋಗುತ್ತಿದ್ದೆ. ಹೊಯ್ಸಳರ ಕಾಲದ ಹಿನ್ನೆಲೆ, ವೀರಗಲ್ಲಿನ ಅರ್ಥ, ನಮ್ಮ ಉದ್ದೇಶ ಎಂದೆಲ್ಲ ಯೋಚಿಸುತ್ತಾ ಕುಳಿತರೆ, ಇನ್ನೂ ನಾಲ್ಕು ಪುಸ್ತಕ ಓದಿದ ಮೇಲೆಯೇ ಬರೆಯಬೇಕು ಎನಿಸಿ ಎದ್ದುಬಿಡುತ್ತಿದ್ದೆ. ನಿಮ್ಮ ‘ಯೋಜನೆ’ ಎಂಬ ತಲೆಬರಹದ ಪುಟವನ್ನು ಓದಿದಾಗ ನನ್ನ ಮುನ್ನುಡಿಯೇ ಕಣ್ಣಿಗೆ ಕಟ್ಟಿತು.

ಅದು ಬಿಡಿಸಿಕೊಂಡದ್ದು ಅವರೆಕಾಯಿಯ ಕಾಲದಲ್ಲಿ. ಜನವರಿಯ ಒಂದು ಭಾನುವಾರ ಅತ್ತಿಗೆ ಒಂದು ಮಂಕರಿ ಅವರೆಕಾಯಿ ತಂದು, ನಾನು ಕುಳಿತಿದ್ದ ಮೇಜಿನ ಪಕ್ಕದಲ್ಲಿಯೇ ಚಾಪೆ ಹಾಸಿಕೊಂಡು ಬಿಡಿಸಲು ಕುಳಿತರು. “ನೀನು ಏನಾದರೂ ಮಾಡಿಕೋ, ನನಗೆ ಇದಕ್ಕೆ ಎರಡು ಗಂಟೆ ಬೇಕು” ಎಂದರು. ಅವರು ನನ್ನ ಕಡೆ ನೋಡಲಿಲ್ಲ, ಎಷ್ಟಾಯಿತೆಂದು ಕೇಳಲಿಲ್ಲ. ಅವರ ಉಗುರಿಗೆ ಸಿಕ್ಕ ಸಿಪ್ಪೆ ಚಟ್ ಚಟ್ ಎನ್ನುವ ಸದ್ದು ಮಾತ್ರ ಇತ್ತು. ನಾನು ಯಾವುದೋ ಒಂದು ಫೋಟೋ ತೆರೆದು, ‘ಎತ್ತರ ಸುಮಾರು ನಾಲ್ಕು ಅಡಿ, ಮೂರು ಹಂತ’ ಎಂದು ಬರೆದೆ. ಕೆಳಗಿನ ಹಂತದಲ್ಲಿ ಕಾದಾಟ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗ. ಇದು ಕಣ್ಣಿಗೆ ಕಾಣುವಂಥದ್ದು, ಇದಕ್ಕೆ ಯೋಚನೆ ಬೇಕಾಗಿಲ್ಲ. ಮಂಕರಿ ಖಾಲಿಯಾಗುವಷ್ಟರಲ್ಲಿ 11 ಕಲ್ಲುಗಳ ವಿವರ ಬರೆದಾಗಿತ್ತು. ರಾತ್ರಿ ಹಿತುಕಿದ ಅವರೆಯ ಸಾರು ಉಣ್ಣುವಾಗ ನನಗೆ ಆದ ಸಂತೋಷವನ್ನು ಅತ್ತಿಗೆಗೆ ವಿವರಿಸಲು ಆಗಲಿಲ್ಲ.

ಹೀಗೆ ಒಬ್ಬರು ಪಕ್ಕದಲ್ಲಿ ತಮ್ಮ ಪಾಡಿಗೆ ಇರುವುದನ್ನು ಇಂಗ್ಲಿಷಿನಲ್ಲಿ ಬಾಡಿ ಡಬ್ಲಿಂಗ್ ಎನ್ನುತ್ತಾರಂತೆ. ನಾನು ಜೊತೆಕೂರುವುದು ಎನ್ನುತ್ತೇನೆ. ಜೊತೆಗಿರುವವರು ಮೇಲ್ವಿಚಾರಕರಾದರೆ ಇದು ಕೆಟ್ಟುಹೋಗುತ್ತದೆ, ಅವರಿಗೆ ಅವರದೇ ಆದ ಕೆಲಸವಿರಬೇಕು. ಆಮೇಲಿನ ತಿಂಗಳುಗಳಲ್ಲಿ ಅವರೆಕಾಯಿ ಮುಗಿದು ಅಕ್ಕಿ ಆರಿಸುವುದು, ಹೂ ಕಟ್ಟುವುದು ಎಲ್ಲವೂ ನನ್ನ ಪುಸ್ತಕಕ್ಕೆ ನೆರವಾದವು. ಮುನ್ನುಡಿಯನ್ನು ಇನ್ನೂ ಬರೆದಿಲ್ಲ.


ಆಲ್ದೂರಿನ ಹಳಬ
ಮಾರ್ಚ್ 25

ತಮ್ಮಾ, ನನಗೆ 68 ವರ್ಷ. ನಮ್ಮ ಕಾಲದಲ್ಲಿ ಈ ಕಾಯಿಲೆಗೆ ಹೆಸರಿರಲಿಲ್ಲ, ಬೈಗುಳ ಮಾತ್ರ ಇತ್ತು. ನಿಮ್ಮ ಬರಹವನ್ನು ಓದಲು ಶುರು ಮಾಡಿದಾಗ ನಾನೂ ಒಳಗೊಳಗೇ ಸೋಮಾರಿತನ ಎಂದುಕೊಂಡೆ. ಆದರೆ ಸೋಮಾರಿಯಾದವನು ಮಲಗಿ ಸುಖಪಡುತ್ತಾನೆ, ನೀವು ಮೂರು ವರ್ಷದಿಂದ ಮಲಗದೆ ಕಷ್ಟಪಡುತ್ತಿದ್ದೀರಿ. ಆದ್ದರಿಂದ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ವೈದ್ಯಕೀಯ ನನಗೆ ತಿಳಿಯದು, ತೋಟ ತಿಳಿದಿದೆ. ‘ಒಂದು ಎಕರೆ ಮರುನಾಟಿ’ ಎಂಬ ಕೆಲಸವನ್ನು ನಾನೂ ಎಂದೂ ಮಾಡಿದವನಲ್ಲ, ಯಾರೂ ಮಾಡಿದವರಲ್ಲ. ಮಾಡುವುದು ಹಗ್ಗ ಹಿಡಿಯುವ ಕೆಲಸ, ಗೂಟ ಹೊಡೆಯುವ ಕೆಲಸ, ಗುಂಡಿ ತೋಡುವ ಕೆಲಸ. ರೊಬಸ್ಟಾಕ್ಕೆ ಹತ್ತು ಅಡಿಗೆ ಹತ್ತು ಅಡಿ ಅಂತರವಿಟ್ಟರೆ ಎಕರೆಗೆ ಸುಮಾರು 435 ಗಿಡ. ಜಾಗ ಚೌಕವಾಗಿದ್ದರೆ 21 ಸಾಲು, ಸಾಲಿಗೆ 21 ಗೂಟ. ನೀವು ತಲೆಯಲ್ಲಿ 435 ಹೊತ್ತುಕೊಂಡು ತಿರುಗುತ್ತಿದ್ದೀರಿ. ಕೈಗೆ ಒಂದು ಸಾಲು ಸಾಕು. ಒಂದು ಸಾಲಿಗೆ ಗೂಟ ಹೊಡೆಯಲು ಇಬ್ಬರಿಗೆ ಅರ್ಧ ಗಂಟೆಯೂ ಬೇಡ.

ತಳಿ, ಹನಿ ನೀರಾವರಿ, ಮೆಣಸು ಎಲ್ಲವೂ ಗೂಟ ಹೊಡೆದ ಮೇಲೆ ಯೋಚಿಸಬಹುದಾದ ಮಾತು. ಯಾವ ತಳಿಯ ಗಿಡವಾದರೂ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಯನ್ನೇ ಕೇಳುತ್ತದೆ.

ಇನ್ನೊಂದು ಮಾತು. ನಮ್ಮ ಹಿರಿಯರು ಯಾವ ಕೆಲಸಕ್ಕೂ ಮುಹೂರ್ತ ಇಡುತ್ತಿದ್ದರು, ಗುದ್ದಲಿಪೂಜೆ ಮಾಡುತ್ತಿದ್ದರು. ಶುಭಾಶುಭ ಇರಲಿ, ನನಗೆ ಈಗ ಅನಿಸುವುದೇನೆಂದರೆ, ಮನಸ್ಸು ಬಂದಾಗ ಮಾಡೋಣ ಎಂದರೆ ಅದು ಬರುವುದೇ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಬುಧವಾರ ಬೆಳಿಗ್ಗೆ ಏಳೂವರೆಗೆ ಎಂದು ಪುರೋಹಿತರು ಹೇಳಿದರೆ, ಮನಸ್ಸನ್ನು ಕೇಳುವವರಾರು? ನಾಲ್ಕು ಜನ ಬಂದು ನಿಂತಿರುತ್ತಾರೆ, ತೆಂಗಿನಕಾಯಿ ಒಡೆದಿರುತ್ತದೆ, ಗುದ್ದಲಿ ಕೈಯಲ್ಲಿರುತ್ತದೆ. (ಸರ್ಕಾರದವರ ಗುದ್ದಲಿಪೂಜೆಯ ಮಾತು ಬೇರೆ, ಅಲ್ಲಿ ಪೂಜೆಯೊಂದಿಗೇ ಕೆಲಸವೂ ಮುಗಿದಿರುತ್ತದೆ.) ಮೇಸ್ತ್ರಿಗೆ ಮುಂಗಡ ಕೊಟ್ಟು ದಿನ ಹೇಳಿಬಿಡಿ. ಗುಂಡಿಗೆ ಇಷ್ಟು ಎಂದು ಗುತ್ತಿಗೆ ಮಾತಾಡಿ. ಆಳುಗಳು ಬಂದು ಅಂಗಳದಲ್ಲಿ ನಿಂತ ಮೇಲೆ ನಿಮ್ಮ ಕಾಲು ತಾನಾಗಿ ಏಳುತ್ತದೆ. ಪಕ್ಕದವರ ಪಂಪಿಗೆ ಎದ್ದ ಕಾಲೇ ಅಲ್ಲವೇ ಅದು.


ಮನಶ್ಶಾಸ್ತ್ರ, ಹಾಸನ
ಮಾರ್ಚ್ 26

ನಾನು ಹಾಸನದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯಾಗಿ ಕೆಲಸ ಮಾಡುತ್ತೇನೆ. ಮೇಲಿನ ಇಬ್ಬರೂ ಹೇಳಿದ್ದು ಸರಿಯಾಗಿದೆ. ಅವು ಏಕೆ ಕೆಲಸ ಮಾಡುತ್ತವೆ ಎಂಬುದನ್ನು ಸ್ವಲ್ಪ ವಿವರಿಸಿದರೆ ನೀವು ನಿಮ್ಮದೇ ಉಪಾಯಗಳನ್ನು ಕಟ್ಟಿಕೊಳ್ಳಬಹುದು ಎಂದು ಬರೆಯುತ್ತಿದ್ದೇನೆ.

ಮೊದಲಿಗೆ, ನೀವು ಹೇಳುತ್ತಿರುವುದು ರೋಗಲಕ್ಷಣವೇ, ನೆಪವಲ್ಲ. ವಯಸ್ಕರಲ್ಲಿ ಎಡಿಎಚ್‌ಡಿ ಇರಬಹುದೇ ಎಂದು ಮೊದಲ ಸುತ್ತಿನಲ್ಲಿ ನೋಡಲು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ರೂಪಿಸಿದ ಪ್ರಶ್ನಾವಳಿಯೊಂದಿದೆ. ಅದರ ಮೊದಲ ಭಾಗದಲ್ಲಿರುವುದು ಆರೇ ಪ್ರಶ್ನೆಗಳು, ನಾಲ್ಕನೆಯದು ಇದೇ: ಬಹಳ ಯೋಚನೆ ಬೇಡುವ ಕೆಲಸವಿದ್ದಾಗ ಅದನ್ನು ಶುರು ಮಾಡುವುದನ್ನು ನೀವು ಎಷ್ಟು ಸಲ ತಪ್ಪಿಸುತ್ತೀರಿ ಅಥವಾ ಮುಂದೂಡುತ್ತೀರಿ? ಆದರೆ ಈ ಒಂದು ಪ್ರಶ್ನೆಗೆ ಹೌದು ಎಂದವರೆಲ್ಲರಿಗೂ ಎಡಿಎಚ್‌ಡಿ ಇರುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, 17 ವರ್ಷ ತುಂಬಿದವರಲ್ಲಿ ಗಮನದ ಕೊರತೆಯ ಅಥವಾ ಚಡಪಡಿಕೆ-ದುಡುಕಿನ ಒಂಬತ್ತು ಲಕ್ಷಣಗಳ ಪೈಕಿ ಕನಿಷ್ಠ ಐದು ಇರಬೇಕು, ಕೆಲವಾದರೂ 12 ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡಿರಬೇಕು, ಮನೆಯಲ್ಲಿ ಮಾತ್ರವಲ್ಲದೆ ಕೆಲಸದ ಜಾಗದಂಥ ಇನ್ನೊಂದು ಕಡೆಯೂ ತೊಂದರೆ ಕೊಡುತ್ತಿರಬೇಕು. ನಿಮ್ಮ ವೈದ್ಯರು ತಾಯಿಯವರನ್ನು ಕರೆಸಿದ್ದು ಅದಕ್ಕಾಗಿಯೇ. ಖಿನ್ನತೆ, ಥೈರಾಯ್ಡ್ ತೊಂದರೆ, ರಕ್ತಹೀನತೆ, ನಿದ್ದೆಗೆಟ್ಟ ರಾತ್ರಿಗಳು ಇವೂ ಮನುಷ್ಯನನ್ನು ಹೀಗೆಯೇ ಕೂರಿಸಿಬಿಡಬಲ್ಲವು. ಆದ್ದರಿಂದ ಇದನ್ನು ಓದಿ ‘ನನಗೂ ಇದೇ’ ಎಂದುಕೊಳ್ಳುವವರು ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು.

ಈ ಕ್ಷೇತ್ರದಲ್ಲಿ ದೀರ್ಘಕಾಲ ಕೆಲಸ ಮಾಡಿದ ರಸೆಲ್ ಬಾರ್ಕ್ಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒತ್ತಿ ಹೇಳುವ ಒಂದು ವಿಚಾರವಿದೆ: ಎಡಿಎಚ್‌ಡಿ ಇರುವವರಿಗೆ ಏನು ಮಾಡಬೇಕೆಂದು ಗೊತ್ತಿಲ್ಲ ಎಂಬುದಲ್ಲ, ಗೊತ್ತಿರುವುದನ್ನು ಬೇಕಾದ ಹೊತ್ತಿನಲ್ಲಿ ಮಾಡಲಾಗುವುದಿಲ್ಲ ಎಂಬುದೇ ತೊಂದರೆ. ಆದ್ದರಿಂದ ನೆರವು ಇರಬೇಕಾದದ್ದು ಕೆಲಸ ನಡೆಯುವ ಜಾಗದಲ್ಲಿ ಮತ್ತು ಕೆಲಸ ನಡೆಯುವ ಹೊತ್ತಿನಲ್ಲಿ. ನಿಮ್ಮ ನಾಲ್ಕು ಡೈರಿಗಳು ಬೀರುವಿನಲ್ಲಿವೆ, ಗುಂಡಿ ಇರಬೇಕಾದದ್ದು ತೋಟದಲ್ಲಿ. ಇನ್ನೂ ತಳಿಗಳ ಬಗ್ಗೆ ಓದುವುದು ನಿಮಗೆ ಕೊರತೆಯಿಲ್ಲದ ವಸ್ತುವನ್ನೇ ಮತ್ತಷ್ಟು ತುಂಬಿದಂತೆ.

ಪಂಪಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಮನೆಯವರ ಪ್ರಶ್ನೆಗೆ ಉತ್ತರ ಅಲ್ಲಿದೆ. ಪಂಪು ರಿಪೇರಿಯಾದರೆ ಅರ್ಧ ಗಂಟೆಯಲ್ಲಿ ನೀರು ಬರುತ್ತದೆ, ಎದುರಿಗೆ ನಿಂತವರು ಭೇಷ್ ಎನ್ನುತ್ತಾರೆ. ನೆಟ್ಟ ರೊಬಸ್ಟಾ ಗಿಡದಲ್ಲಿ ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು. ಮಿದುಳಿನಲ್ಲಿ ಹುರುಪು ಮತ್ತು ಪ್ರತಿಫಲದ ನಿರೀಕ್ಷೆಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕವಿದೆ. ನೋರಾ ವೋಲ್ಕೋ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧಿ ತೆಗೆದುಕೊಳ್ಳದ ಎಡಿಎಚ್‌ಡಿ ವಯಸ್ಕರ ಮಿದುಳಿನ ಪ್ರತಿಫಲದ ಹಾದಿಯಲ್ಲಿ ಈ ಡೋಪಮೈನ್ ವ್ಯವಸ್ಥೆಯ ಗುರುತುಗಳು ಇತರರಿಗಿಂತ ಕಡಿಮೆ ಕಂಡವು. ಎಲ್ಲವನ್ನೂ ಡೋಪಮೈನಿನ ತಲೆಗೆ ಕಟ್ಟುವುದು ಈಗ ಒಂದು ಚಾಳಿಯಾಗಿದೆ, ಅಷ್ಟು ಸರಳವಲ್ಲ. ಆದರೆ ದೂರದ ಫಲ ಎಡಿಎಚ್‌ಡಿ ಇರುವವರನ್ನು ಉಳಿದವರಷ್ಟು ಬಲವಾಗಿ ಎಳೆಯುವುದಿಲ್ಲ ಎಂಬುದನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಲೇಬೇಕು. ಆಲ್ದೂರಿನ ಹಿರಿಯರು ಹೇಳಿದ ಒಂದು ಸಾಲಿನ ಲೆಕ್ಕದ ಬೆಲೆ ಇಲ್ಲಿದೆ: 21 ಗೂಟಗಳು ಅರ್ಧ ಗಂಟೆಯಲ್ಲಿ ಕಣ್ಣೆದುರಿಗೆ ನಿಲ್ಲುತ್ತವೆ.

ಅವರು ಹೇಳಿದ ಮುಹೂರ್ತದ ಮಾತನ್ನು ಓದಿ ನಾನು ನಕ್ಕೆ, ಆಮೇಲೆ ಎರಡನೆಯ ಸಲ ಓದಿದೆ. ಪೀಟರ್ ಗಾಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದಿಂದ ಅಧ್ಯಯನ ಮಾಡುತ್ತಾ ಬಂದದ್ದು ಬಹುಮಟ್ಟಿಗೆ ಇದನ್ನೇ. ‘ಗುಂಡಿ ತೋಡಿಸುತ್ತೇನೆ’ ಎಂದುಕೊಳ್ಳುವುದಕ್ಕೂ, ‘ಬುಧವಾರ ತಿಂಡಿಯ ತಟ್ಟೆ ತೊಳೆದಿಟ್ಟ ಕೂಡಲೇ ಜಗಲಿಯ ಮೇಲಿನ ಹಗ್ಗ ಎತ್ತಿಕೊಳ್ಳುತ್ತೇನೆ’ ಎಂದುಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದರಲ್ಲಿ ಯಾವಾಗ ಎಂಬುದನ್ನು ಆ ಕ್ಷಣದಲ್ಲಿ ತೀರ್ಮಾನಿಸಬೇಕಾಗಿಲ್ಲ. ತೊಳೆದ ತಟ್ಟೆಯೇ ಹಗ್ಗವನ್ನು ನೆನಪಿಸುತ್ತದೆ. ಗಾಲ್ವಿಟ್ಜರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ ಇಂಥ 94 ಪರೀಕ್ಷೆಗಳನ್ನು ಒಟ್ಟಿಗೆ ನೋಡಿ, ಹೀಗೆ ಯೋಜಿಸಿದವರು ಅಂದುಕೊಂಡದ್ದನ್ನು ಮಾಡುವ ಸಾಧ್ಯತೆ ಗಣನೀಯವಾಗಿ ಹೆಚ್ಚುತ್ತದೆ ಎಂದು ತೋರಿಸಿದರು. ಗಂಟೆಯ ಲೆಕ್ಕಕ್ಕಿಂತ, ದಿನವೂ ತಪ್ಪದೆ ನಡೆಯುವ ಒಂದು ಕೆಲಸದ ಬಾಲಕ್ಕೆ ಇದನ್ನು ಗಂಟು ಹಾಕುವುದು ನನ್ನ ಅನುಭವದಲ್ಲಿ ಹೆಚ್ಚು ನಿಲ್ಲುತ್ತದೆ.

ಇನ್ನು ಪರ್ಸಿನಲ್ಲಿರುವ ಚೀಟಿ. ಅದು ಅಂಗಡಿಯಲ್ಲಿ ಸಿಗದಿರುವುದಕ್ಕೆ ಕಾರಣವಿದೆ. ಮೀಥೈಲ್‌ಫೆನಿಡೇಟ್ ನಮ್ಮ ದೇಶದ ಔಷಧ ನಿಯಮಗಳಲ್ಲಿ ಎಕ್ಸ್ ಅನುಸೂಚಿಗೆ ಸೇರಿದ್ದು. ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು, ಅದಕ್ಕೆ ಪ್ರತ್ಯೇಕ ಪರವಾನಗಿಯೂ ಬೇಕು. ಎಲ್ಲ ಅಂಗಡಿಗಳೂ ಅದನ್ನು ಇಡುವುದಿಲ್ಲ. ನಾಲ್ಕು ತಿಂಗಳ ಹಳೆಯ ಚೀಟಿಯನ್ನು ಹಿಡಿದು ಅಲೆಯಬೇಡಿ. ವೈದ್ಯರ ಬಳಿ ಹೋಗಿ, ಎಲ್ಲಿ ಸಿಗುತ್ತದೆಂದು ಅವರನ್ನೇ ಕೇಳಿ, ರಕ್ತದೊತ್ತಡ ಮತ್ತು ನಾಡಿ ನೋಡಿಸಿಕೊಂಡು ಹೊಸದನ್ನು ಬರೆಸಿಕೊಳ್ಳಿ. ಅದು ಸಿಗುವುದು ಕಷ್ಟವೆಂದಾದರೆ ಆಟೊಮಾಕ್ಸೆಟಿನ್ ಎಂಬ ಬೇರೆ ಬಗೆಯ ಔಷಧಿಯ ಬಗ್ಗೆ ಕೇಳಬಹುದು. ಮೊದಲನೆಯದರ ಪರಿಣಾಮ ಅದೇ ದಿನ ತಿಳಿಯುತ್ತದೆ, ಎರಡನೆಯದಕ್ಕೆ ಕೆಲವು ವಾರ ಕಾಯಬೇಕು. ಯಾವುದು ತಕ್ಕದ್ದು ಎಂಬುದು ನಿಮ್ಮನ್ನು ಪರೀಕ್ಷಿಸಿದವರ ತೀರ್ಮಾನ. ಮಾತ್ರೆ ಬಹಳ ಜನರಿಗೆ ನೆರವಾಗುತ್ತದೆ, ಆದರೆ ಯಾವ ಕಡೆ ತಿರುಗಿ ನಿಂತಿದ್ದೀರೋ ಆ ಕಡೆಗೇ ತಳ್ಳುತ್ತದೆ. ಫೋನಿನ ಕಡೆ ತಿರುಗಿ ಮಾತ್ರೆ ನುಂಗಿದರೆ ಹನಿ ನೀರಾವರಿಯ ಬಗ್ಗೆ ಇನ್ನೂ ಏಕಾಗ್ರತೆಯಿಂದ ಓದುತ್ತೀರಿ.


ಸಕಲೇಶಪುರದಿಂದ
ಮಾರ್ಚ್ 26

ಎಡಿಎಚ್‌ಡಿ ಇರುವುದು ನನ್ನ ಯಜಮಾನರಿಗೆ. ನಿಮ್ಮ ಮನೆಯವರ ಪರವಾಗಿ ಒಂದು ಮಾತು ಹೇಳುತ್ತೇನೆ. ಜೊತೆಕೂರುವುದು ಒಳ್ಳೆಯ ಉಪಾಯವೇ, ನಮ್ಮ ಮನೆಯಲ್ಲಿಯೂ ನಡೆದಿದೆ. ಆದರೆ ಆ ಪಾತ್ರವನ್ನು ಯಾವಾಗಲೂ ಹೆಂಡತಿಗೇ ಕೊಡಬೇಡಿ. ಎಂಟು ವರ್ಷ ನಾನು ಅವರ ಅಲಾರಂ, ಅವರ ಡೈರಿ, ಅವರ ಮೇಸ್ತ್ರಿ ಎಲ್ಲವೂ ಆಗಿದ್ದೆ. ‘ಇನ್ನೂ ಶುರು ಮಾಡಿಲ್ಲವೇ?’ ಎಂಬ ನನ್ನ ಒಂದು ಮಾತು ಕಿವಿಗೆ ಬಿದ್ದರೆ ಅವರು ಆ ದಿನ ಆ ಕೆಲಸದ ಹತ್ತಿರವೂ ಸುಳಿಯುತ್ತಿರಲಿಲ್ಲ. ಅವರು ಸುಳಿಯುವುದಿಲ್ಲವೆಂದು ನಾನು ಮತ್ತೆ ಕೇಳುತ್ತಿದ್ದೆ. ಕೊನೆಗೆ ನಾನು ಕೇಳುವುದನ್ನು ನಿಲ್ಲಿಸಿದೆ, ಅವರು ತಮ್ಮ ಸ್ನೇಹಿತರೊಬ್ಬರೊಂದಿಗೆ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿಕೊಂಡು ಇಬ್ಬರೂ ಅವರವರ ಕೆಲಸ ಶುರು ಮಾಡುವ ರೂಢಿ ಇಟ್ಟುಕೊಂಡರು. ಮನೆಯಲ್ಲಿ ಈಗ ಬೇರೆ ವಿಷಯಕ್ಕೆ ಜಗಳವಾಗುತ್ತದೆ.


ಮೂಡಿಗೆರೆ ಕಡೆಯವನು
ಏಪ್ರಿಲ್ 6

ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ನಡೆದಂತೆ ತಿಳಿಸುತ್ತೇನೆ.

ಮೇಸ್ತ್ರಿಗೆ ಫೋನ್ ಮಾಡುವುದೇ ಮೊದಲ ಹೆಜ್ಜೆ ಎಂದುಕೊಂಡೆ. ಆದರೆ ಮೂರು ದಿನ ಆ ಫೋನನ್ನೂ ಮಾಡಲಾಗಲಿಲ್ಲ. ಎರಡು ವರ್ಷದ ಹಿಂದೆ ಬರಹೇಳಿ ಆಮೇಲೆ ಬೇಡವೆಂದಿದ್ದೆ, ಈಗ ಏನೆನ್ನುತ್ತಾನೋ ಎಂಬ ನಾಚಿಕೆ. ನಾಲ್ಕನೆಯ ದಿನ ಸಂಘಕ್ಕೆ ಹೋಗುವ ದಾರಿಯಲ್ಲಿ ಅವನ ಮನೆ ಸಿಗುತ್ತದೆಂಬುದು ಹೊಳೆದು, ಬೈಕ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಸಾವಿರ ರೂಪಾಯಿ ಕೈಯಲ್ಲಿಟ್ಟು, “ಬುಧವಾರ ಏಳೂವರೆಗೆ” ಎಂದಷ್ಟೇ ಹೇಳಿ ಬಂದೆ. ಅವನು ಹಳೆಯದನ್ನು ಎತ್ತಲೇ ಇಲ್ಲ. ಗುಂಡಿಗೆ ಎಷ್ಟು ಎಂದು ಕೇಳಿದ, ಅಷ್ಟೇ.

ಹಿಂದಿನ ರಾತ್ರಿ ತೆಂಗಿನ ನಾರಿನ ಹಗ್ಗಕ್ಕೆ ಹತ್ತು ಹತ್ತು ಅಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ ಜಗಲಿಯ ಮೇಲೆ, ಚಪ್ಪಲಿಯ ಮೇಲೆಯೇ ಇಟ್ಟೆ. ಅದನ್ನು ಎತ್ತದೆ ಹೊರಗೆ ಕಾಲಿಡುವಂತಿರಲಿಲ್ಲ. ಬುಧವಾರ ಮೂರು ಸಾಲು, ಅಂದರೆ 63 ಗೂಟ ಆಯಿತು. ಗುರುವಾರ ಇನ್ನೂ ನಾಲ್ಕು ಸಾಲು. ಶುಕ್ರವಾರ ಮೇಸ್ತ್ರಿ ಬರಲಿಲ್ಲ, ನಾನೂ ಎದ್ದು ಹೋಗಲಿಲ್ಲ. ಒಬ್ಬನೇ ಇದ್ದರೆ ಆಗುವುದಿಲ್ಲ ಎಂಬುದು ಅಂದು ಸ್ಪಷ್ಟವಾಯಿತು. ಶನಿವಾರದಿಂದ ಪಕ್ಕದ ತೋಟದವರು, ಅದೇ ಪಂಪಿನವರು, ತಮ್ಮ ಬೇಲಿ ಕಟ್ಟುವ ಕೆಲಸವನ್ನು ಅದೇ ಹೊತ್ತಿಗೆ ಇಟ್ಟುಕೊಂಡಿದ್ದಾರೆ. ಬೇಲಿಯ ಆಚೆ ಅವರು, ಈಚೆ ನಾನು. ಹೆಂಡತಿಗೆ ಸಕಲೇಶಪುರದವರ ಮಾತನ್ನು ಓದಿ ಹೇಳಿದೆ, ಎರಡು ಸಲ ಓದಿಸಿದಳು.

ವೈದ್ಯರ ಬಳಿಯೂ ಹೋಗಿ ಬಂದೆ. ರಕ್ತದೊತ್ತಡ ನೋಡಿ ಹೊಸ ಚೀಟಿ ಕೊಟ್ಟರು, ಮಾತ್ರೆಯನ್ನು ನಿನ್ನೆಯಿಂದ ತೆಗೆದುಕೊಳ್ಳುತ್ತಿದ್ದೇನೆ. ಎರಡು ಪ್ರಶ್ನೆಗಳು ಉಳಿದಿವೆ. ನಾನು ದಿನಕ್ಕೆ ಆರು ಲೋಟ ಕಾಫಿ ಕುಡಿಯುವವನು, ಇದನ್ನು ವೈದ್ಯರಿಗೆ ಹೇಳಲು ಮರೆತೆ, ಬಿಡಬೇಕೇ? ಹಾಗೆಯೇ, ಹೊಸ ಸಸಿಗಳನ್ನು ಈಗಲೇ ತರಿಸಿಕೊಳ್ಳಲೇ ಅಥವಾ ಗುಂಡಿ ಮುಗಿದ ಮೇಲೆ ನೋಡಲೇ?


ಮನಶ್ಶಾಸ್ತ್ರ, ಹಾಸನ
ಏಪ್ರಿಲ್ 6

ಕಾಫಿಯೂ ಉತ್ತೇಜಕ, ನೀವು ನುಂಗುತ್ತಿರುವ ಮಾತ್ರೆಯೂ ಉತ್ತೇಜಕ. ಎರಡೂ ಸೇರಿದರೆ ಕೆಲವರಿಗೆ ಎದೆಬಡಿತ ಹೆಚ್ಚುತ್ತದೆ, ಕೈ ನಡುಗುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ. ನಿದ್ದೆ ಕೆಟ್ಟರೆ ಮರುದಿನದ ಆರಂಭವೂ ಕೆಡುತ್ತದೆ. ಎಷ್ಟು ಲೋಟ ಕುಡಿಯುತ್ತೀರಿ ಎಂಬುದನ್ನು ನಾಳೆಯೇ ವೈದ್ಯರಿಗೆ ಫೋನ್ ಮಾಡಿ ತಿಳಿಸಿ. ಸದ್ಯಕ್ಕೆ ಸಂಜೆಯ ಲೋಟಗಳನ್ನು ಬಿಟ್ಟು ನೋಡಿ. ಒಂದೇ ದಿನ ಆರೂ ಲೋಟ ಬಿಟ್ಟರೆ ತಲೆನೋವು ಬರಬಹುದು, ಅದನ್ನು ಮಾತ್ರೆಯ ದೋಷವೆಂದು ತಿಳಿದು ಮಾತ್ರೆಯನ್ನೇ ನಿಲ್ಲಿಸಿಬಿಡುವವರಿದ್ದಾರೆ.


ಆಲ್ದೂರಿನ ಹಳಬ
ಏಪ್ರಿಲ್ 7

ಸಸಿಯನ್ನು ಇಂದೇ ಹೇಳಿಡಿ, ಜೂನ್‌ನಲ್ಲಿ ಹೋದರೆ ಒಳ್ಳೆಯವೆಲ್ಲ ಖಾಲಿಯಾಗಿರುತ್ತವೆ. ಆದರೆ ಮನೆಗೆ ತರಬೇಡಿ, ನರ್ಸರಿಯವರ ಬಳಿಯೇ ಇರಲಿ. ಕೊನೆಯ ಗುಂಡಿ ಮುಗಿದ ದಿನ ಅವರಿಗೆ ಫೋನ್ ಮಾಡುವುದು ನಿಮ್ಮ ಕೆಲಸವಲ್ಲ, ಮೇಸ್ತ್ರಿಯ ಕೆಲಸವೆಂದು ಈಗಲೇ ಮಾತಾಡಿಕೊಳ್ಳಿ. 450 ಸಾಲದು, 480 ಹೇಳಿ. ಮೊದಲ ವರ್ಷ ಒಂದಷ್ಟು ಹೋಗಿಯೇ ಹೋಗುತ್ತವೆ.